ಹೆಲ್ಮೆಟ್ ಒಳಗೆ ಸ್ಪೀಕರ್, ಮೈಕ್: ಬೈಕ್‌ನ ನ್ಯಾವಿಗೇಟರ್‌ಗೆ ವೈರ್ ಎಳೆಯುವುದು ಹೇಗೆ

ಬ್ಲೂಟೂತ್ ಇರುವ ಕಾಲದಲ್ಲಿ ವೈರ್ ಯಾಕೋ ಅಂತ ನನ್ನನ್ನು ಕೇಳುವವರು ನನ್ನ ಗೆಳೆಯರೇ. ಅವರಲ್ಲೇ ಒಬ್ಬನ ಬ್ಲೂಟೂತ್ ಹೆಡ್‌ಸೆಟ್ ಮೂಡಿಗೆರೆ ಬರುವ ಹೊತ್ತಿಗೆ ಚಾರ್ಜ್ ಮುಗಿದು ಸುಮ್ಮನಾಗುತ್ತದೆ, ಆಮೇಲೆ ಚಾರ್ಮಾಡಿ ಘಾಟಿ ಇಳಿಯುವವರೆಗೂ ಅವನು ನನ್ನ ಬೈಕ್ ಹಿಂದೆಯೇ ಬರುತ್ತಾನೆ. ವೈರ್‌ಗೆ ಚಾರ್ಜ್ ಬೇಡ, ಪೇರಿಂಗ್ ಬೇಡ, ಕೈಗವಸು ಹಾಕಿಕೊಂಡು ಸಣ್ಣ ಬಟನ್ ಹುಡುಕುವ ಗೋಳೂ ಇಲ್ಲ. ಸಾಮಾನಿಗೆ ಖರ್ಚಾಗುವುದು ಒಂದು ಒಳ್ಳೆ ಊಟದಷ್ಟು.

ಈ ಕೆಲಸ ನಾನು ಮೂರು ಸಲ ಮಾಡಿದ್ದೇನೆ. ಅದರಲ್ಲಿ ಎರಡು ಸಲ ಹಾಳಾಯಿತು. ಎರಡೂ ಸಲ ಬೆಸುಗೆ ಗಟ್ಟಿಯಾಗಿಯೇ ಇತ್ತು, ಕೈಕೊಟ್ಟಿದ್ದು ವೈರ್ ಬಾಗುವ ಜಾಗ ಮತ್ತು ವೈರ್ ಬಿಟ್ಟುಕೊಳ್ಳಬೇಕಾಗಿದ್ದ ಜಾಗ. ಹಾಗಾಗಿ ಇಲ್ಲಿ ಸರ್ಕ್ಯೂಟಿಗಿಂತ ಆ ಎರಡು ಜಾಗಗಳ ಬಗ್ಗೆಯೇ ಜಾಸ್ತಿ ಮಾತು.

ಶುರು ಮಾಡುವ ಮುಂಚೆ ಕಾನೂನಿನ ಮಾತೊಂದು. 2020ರ ಅಕ್ಟೋಬರ್‌ನಿಂದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಗಾಡಿ ಓಡಿಸುವಾಗ ಕೈಯಲ್ಲಿ ಹಿಡಿಯುವ ಫೋನಿನಂಥ ಸಾಧನವನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಹರಟೆಗೆ ಅವಕಾಶ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗುವವರನ್ನು ಪೊಲೀಸರು ನಿಲ್ಲಿಸುವುದೂ ಉಂಟು. ಹಾಗಾದರೆ ಮೈಕ್ ಯಾಕೆ ಅಂದರೆ, ಮಳೆಯಲ್ಲಿ ಮನೆಯಿಂದ ಫೋನ್ ಬಂದಾಗ ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ, ‘ಇನ್ನೊಂದು ಗಂಟೆ, ಊಟ ಇಟ್ಟಿರು’ ಅಂತ ಹೇಳುವುದಕ್ಕೆ. ನನಗೆ ಅಷ್ಟಕ್ಕೆ ಬೇಕು. ಓಡಿಸುತ್ತಾ ಮಾತಾಡುವುದಕ್ಕೆ ಅಂತ ನೀವು ಇದನ್ನು ಮಾಡುತ್ತಿದ್ದರೆ ಮೈಕ್ ಬಿಟ್ಟುಬಿಡಿ, ಸ್ಪೀಕರ್ ಮಾತ್ರ ಹಾಕಿಕೊಳ್ಳಿ.

ಮೊದಲು ಡಿವೈಸ್‌ನ ಸಾಕೆಟ್ ನೋಡಿ

ಎರಡು ತರದ ಡಿವೈಸ್ ಇರುತ್ತವೆ. ಒಂದು, ಬೈಕ್‌ಗಾಗಿಯೇ ಮಾಡಿದ ಹಳೆಯ ಜಿಪಿಎಸ್. ಗಾರ್ಮಿನ್ ಜೂಮೋ ಸಾಲಿನ ಹಳೆಯ ಮಾಡೆಲ್‌ಗಳು ಈ ಜಾತಿಯವು. ಇವುಗಳಲ್ಲಿ ಸ್ಪೀಕರ್‌ಗೆ ಬೇರೆ ಸಾಕೆಟ್, ಮೈಕ್‌ಗೆ ಬೇರೆ ಸಾಕೆಟ್. ಮೈಕ್‌ನದು ಸಾಮಾನ್ಯವಾಗಿ ಸಣ್ಣದು, 2.5 ಎಂಎಂ. ಎರಡನೆಯದು, ಕಪಾಟಿನಲ್ಲಿ ಬಿದ್ದಿದ್ದ ಹಳೆ ಆಂಡ್ರಾಯ್ಡ್ ಫೋನಿಗೆ ಆಫ್‌ಲೈನ್ ಮ್ಯಾಪ್ ತುಂಬಿ ಹ್ಯಾಂಡಲ್‌ಗೆ ಕಟ್ಟಿಕೊಳ್ಳುವುದು. ಅದರಲ್ಲಿ ಒಂದೇ 3.5 ಎಂಎಂ ತೂತು, ಸ್ಪೀಕರ್ ಮೈಕ್ ಎರಡೂ ಅದರಲ್ಲೇ. ಆ ತೂತೇ ಇಲ್ಲದ ಹೊಸ ಫೋನ್ ಆಗಿದ್ದರೆ ಟೈಪ್-ಸಿಯಿಂದ 3.5 ಎಂಎಂಗೆ ಬದಲಿಸುವ ತುಂಡು ಬೇಕು, ಆಗ ಚಾರ್ಜ್ ಮಾಡುವ ದಾರಿ ಮುಚ್ಚಿಹೋಗುತ್ತದೆ ಅನ್ನುವುದೂ ನೆನಪಿರಲಿ.

ಆ ತೂತಿಗೆ ಹಾಕುವ ಹೆಡ್‌ಸೆಟ್ ಪಿನ್ನನ್ನು ಕಣ್ಣ ಹತ್ತಿರ ಹಿಡಿದು ಕಪ್ಪು ಗೆರೆ ಎಣಿಸಿ. ಎರಡು ಗೆರೆ ಇದ್ದರೆ ಪಿನ್ ಮೂರು ತುಂಡು: ತುದಿಯಲ್ಲಿ ಎಡ ಸ್ಪೀಕರ್, ನಡುವೆ ಬಲ, ಬುಡದಲ್ಲಿ ಗ್ರೌಂಡ್, ಅಂದರೆ ಎಲ್ಲಕ್ಕೂ ಸೇರಿ ಕರೆಂಟ್ ವಾಪಸ್ ಹೋಗುವ ದಾರಿ. ಮೈಕ್ ಇಲ್ಲ. ಮೂರು ಗೆರೆ ಇದ್ದರೆ ನಾಲ್ಕು ತುಂಡು, ಮೈಕ್ ಇದೆ. ಈಗಿನ ಫೋನ್‌ಗಳಲ್ಲಿ ತುದಿಯಿಂದ ಬುಡಕ್ಕೆ ಎಡ, ಬಲ, ಗ್ರೌಂಡ್, ಮೈಕ್ ಅಂತ ಬರುತ್ತದೆ. ಇದಕ್ಕೆ ಸಿಟಿಐಎ ಕ್ರಮ ಅನ್ನುತ್ತಾರೆ. ಹಳೆಯ ಕೆಲವು ಫೋನ್‌ಗಳಲ್ಲಿ ಕೊನೆಯ ಎರಡು ಅದಲುಬದಲು, ಅದು ಒಎಂಟಿಪಿ. ಈ ಎರಡರ ಗೊಂದಲದಲ್ಲಿ ನನ್ನ ಒಂದು ಇಡೀ ಭಾನುವಾರ ಹೋಯಿತು. ಹಾಡು ಹಾಕಿದರೆ ಕೇಳುತ್ತದೆ, ದೂರದ ಬಾವಿಯೊಳಗಿಂದ ಬಂದ ಹಾಗೆ. ದಾರಿ ಹೇಳುವ ಹೆಂಗಸಿನ ದನಿ ಮಾತ್ರ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ. ಮ್ಯಾಪ್ ಕೆಟ್ಟಿದೆ ಅಂದುಕೊಂಡು ಆಪ್ ಮೂರು ಸಲ ತೆಗೆದು ಹಾಕಿದೆ. ಕಾರಣ ಏನಪ್ಪಾ ಅಂದರೆ, ಗ್ರೌಂಡ್ ಸಿಗದಿದ್ದಾಗ ಎಡ ಬಲ ಸ್ಪೀಕರ್‌ಗಳು ಒಂದರ ಹಿಂದೆ ಒಂದು ಸೇರಿಕೊಂಡು, ಎರಡೂ ಕಡೆ ಒಂದೇ ತರ ಬರುವ ಶಬ್ದ ಪರಸ್ಪರ ಅಳಿಸಿಹೋಗುತ್ತದೆ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರುವುದು ಮಾತ್ರ ಉಳಿಯುತ್ತದೆ. ಹಾಡಿನಲ್ಲಿ ಆ ವ್ಯತ್ಯಾಸ ಇರುತ್ತದೆ, ದಾರಿ ಹೇಳುವ ದನಿಯಲ್ಲಿ ಇರುವುದಿಲ್ಲ. ಈ ಲಕ್ಷಣ ನೆನಪಿಟ್ಟುಕೊಳ್ಳಿ, ಮುಂದೆ ಯಾವತ್ತಾದರೂ ಗ್ರೌಂಡ್ ವೈರ್ ಒಳಗೇ ತುಂಡಾದಾಗಲೂ ಹೀಗೇ ಆಗುತ್ತದೆ.

ಮೈಕ್ ಸಾಕೆಟ್ ಬೇರೆ ಇರುವ ಡಿವೈಸ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ನಾವು ಹಾಕುವುದು ಎಲೆಕ್ಟ್ರೆಟ್ ಮೈಕ್. ಫೋನಿನಲ್ಲಿ, ಕಾಲರ್ ಮೈಕ್‌ನಲ್ಲಿ ಇರುವ ಸಣ್ಣ ಗುಂಡಿಯಂಥದ್ದು. ಅದು ಕೆಲಸ ಮಾಡುವುದಕ್ಕೆ ಡಿವೈಸ್ ಕಡೆಯಿಂದಲೇ ಒಂದೆರಡು ವೋಲ್ಟ್ ಬರಬೇಕು. ಖಾಲಿ 2.5 ಎಂಎಂ ಪಿನ್ನಿಗೆ ಎರಡು ತುಂಡು ವೈರ್ ಬೆಸೆದು ಸಾಕೆಟ್‌ಗೆ ಹಾಕಿ, ಡಿವೈಸ್ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ತುದಿಗೂ ಬುಡಕ್ಕೂ ಮುಟ್ಟಿಸಿ. ಒಂದೂವರೆಯಿಂದ ಮೂರು ವೋಲ್ಟ್ ಒಳಗೆ ಏನಾದರೂ ತೋರಿಸಿದರೆ ಒಳ್ಳೆಯದು, ತುದಿ ಮೈಕ್, ಬುಡ ಗ್ರೌಂಡ್. ಏನೂ ತೋರಿಸದಿದ್ದರೆ ಫೋನ್ ಜೋಡಿಸಿ ಒಂದು ಕರೆ ಮಾಡಿ ಮತ್ತೆ ನೋಡಿ, ಕೆಲವು ಡಿವೈಸ್‌ಗಳು ಕರೆ ನಡೆಯುವಾಗ ಮಾತ್ರ ಮೈಕ್‌ಗೆ ವೋಲ್ಟ್ ಬಿಡುತ್ತವೆ.

ಸಾಮಾನು

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ, ಒಂದು ಮಧ್ಯಾಹ್ನದಲ್ಲಿ ಎಲ್ಲಾ ಸಿಗುತ್ತದೆ. ಬೇರೆ ಊರಲ್ಲಿ ಟಿವಿ, ಮಿಕ್ಸಿ ರಿಪೇರಿ ಅಂಗಡಿಯವರನ್ನು ಕೇಳಿ, ಅವರ ಹತ್ತಿರ ಇಲ್ಲದ್ದನ್ನು ತರಿಸಿಕೊಡುತ್ತಾರೆ. 25 ವ್ಯಾಟ್‌ನ ಬೆಸುಗೆ ಕಡ್ಡಿ, 60/40 ಸೋಲ್ಡರ್, ಸ್ವಲ್ಪ ಫ್ಲಕ್ಸ್, ಬಿಸಿಗೆ ಕುಗ್ಗಿ ವೈರ್ ಮೇಲೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್, ಅಗ್ಗದ ಮಲ್ಟಿಮೀಟರ್, ವೆಲ್ಕ್ರೋ. ಸ್ಪೀಕರ್‌ಗೆ ಕಿವಿ ಮೇಲೆ ಕೂರುವಂಥ ಅಗ್ಗದ ಹೆಡ್‌ಫೋನ್ ಒಂದನ್ನು ಬಿಚ್ಚಿ. ಒಳಗೆ 30ರಿಂದ 40 ಎಂಎಂ ಅಗಲದ, ಸಾಮಾನ್ಯವಾಗಿ 32 ಓಮ್‌ನ ಎರಡು ಬಿಲ್ಲೆ ಸಿಗುತ್ತವೆ. ದಪ್ಪ ಒಂದು ಸೆಂಟಿಮೀಟರ್ ದಾಟದಿರಲಿ, ದಾಟಿದರೆ ಅರ್ಧ ಗಂಟೆಯಲ್ಲಿ ಕಿವಿ ಕೆಂಪಾಗಿ ಹೆಲ್ಮೆಟ್ ಕಿತ್ತು ಬಿಸಾಕುವ ಹಾಗೆ ಆಗುತ್ತದೆ. ರೇಡಿಯೋದಲ್ಲಿರುವ 4 ಅಥವಾ 8 ಓಮ್ ಸ್ಪೀಕರ್ ಬೇಡ. ಹೆಡ್‌ಫೋನ್ ಸಾಕೆಟ್‌ಗೆ ಅಷ್ಟು ತಾಕತ್ತು ಇರುವುದಿಲ್ಲ.

ಮಜಾ ಏನೆಂದರೆ ಕಷ್ಟದ ಅರ್ಧ ಕೆಲಸ ಅಂಗಡಿಯಲ್ಲೇ ಮುಗಿದಿರುತ್ತದೆ. ಫೋನಿನ ಹೆಡ್‌ಸೆಟ್ ಅನ್ನು ಕಂಪ್ಯೂಟರ್‌ಗೆ ಹಾಕುವ ವೈ ಆಕಾರದ ಕೇಬಲ್ ಸಿಗುತ್ತದೆ: ಒಂದು ತುದಿ ನಾಲ್ಕು ತುಂಡಿನ ಸಾಕೆಟ್, ಇನ್ನೊಂದು ಕಡೆ ಎರಡು ಪಿನ್, ಒಂದು ಸ್ಪೀಕರ್‌ಗೆ, ಒಂದು ಮೈಕ್‌ಗೆ. ಮೈಕ್ ಪಿನ್ನಿಗೆ 2.5 ಎಂಎಂಗೆ ಬದಲಿಸುವ ತುಂಡು ಹಾಕಿದರೆ ಬೈಕ್ ಕಡೆಯ ಕೆಲಸ ಅಲ್ಲಿಗೇ ಮುಗಿಯಿತು. ಹೆಲ್ಮೆಟ್ ಕಡೆಯನ್ನು ನಾಲ್ಕು ತುಂಡಿನ ಒಂದೇ ಪಿನ್‌ನಲ್ಲಿ ಮುಗಿಸಿಟ್ಟುಕೊಂಡರೆ, ಅದೇ ಹೆಲ್ಮೆಟ್ ನಾಳೆ ಫೋನಿಗೂ ಆಗುತ್ತದೆ, ಹಳೆ ಜಿಪಿಎಸ್‌ಗೂ ಆಗುತ್ತದೆ.

ಉದ್ದ ಸಾಲದೆ ಎಕ್ಸ್‌ಟೆನ್ಷನ್ ಕೇಬಲ್ ತರುವವರು ಅಂಗಡಿಯಲ್ಲೇ ಗೆರೆ ಎಣಿಸಿ. ಅಲ್ಲಿ ಸಿಗುವುದರಲ್ಲಿ ಬಹಳಷ್ಟು ಎರಡು ಗೆರೆಯವು, ಅದರಲ್ಲಿ ಮೈಕ್ ದಾಟುವುದಿಲ್ಲ.

ಹೆಲ್ಮೆಟ್ ಒಳಗಿನ ಕೆಲಸ

ಕೆನ್ನೆಯ ಪ್ಯಾಡ್‌ಗಳನ್ನು ಬಿಚ್ಚಿ. ಒಳಗೆ ಬಿಳಿ ಅಥವಾ ಕಪ್ಪು ಥರ್ಮೋಕೋಲ್ ಕಾಣುತ್ತದೆ. ಬಿದ್ದಾಗ ತಲೆ ಉಳಿಸುವುದು ಅದೇ, ಹೊರಗಿನ ಬಣ್ಣದ ಚಿಪ್ಪು ಒಂದೇ ಅಲ್ಲ. ಅದನ್ನು ಚಾಕುವಿನಿಂದ ಕೆತ್ತಬೇಡಿ, ವೈರ್ ಹಾಯಿಸುವುದಕ್ಕೆ ಬಿಸಿ ಕಡ್ಡಿಯಿಂದ ತೂತು ಮಾಡಬೇಡಿ, ಸ್ಪೀಕರ್ ಅಂಟಿಸುವುದಕ್ಕೆ ಚಪ್ಪಲಿ ಅಂಟಿಸುವ ಗಮ್ ಸುರಿಯಬೇಡಿ. ಆ ಗಮ್‌ನಲ್ಲಿರುವ ದ್ರಾವಕ ಥರ್ಮೋಕೋಲನ್ನು ಬೆಲ್ಲದ ಹಾಗೆ ಕರಗಿಸಿಬಿಡುತ್ತದೆ. ನಂಬಿಕೆ ಇಲ್ಲದಿದ್ದರೆ ಟಿವಿ ಡಬ್ಬದ ಥರ್ಮೋಕೋಲ್ ತುಂಡಿನ ಮೇಲೆ ಒಂದು ಹನಿ ಹಾಕಿ ನೋಡಿ. ವೆಲ್ಕ್ರೋ ಸಾಕು. ತುಂಬಾ ಹೆಲ್ಮೆಟ್‌ಗಳಲ್ಲಿ ಕಿವಿ ಬರುವ ಜಾಗದಲ್ಲಿ ತಗ್ಗು ಇದ್ದೇ ಇರುತ್ತದೆ. ತಗ್ಗೇ ಇಲ್ಲದ ಹೆಲ್ಮೆಟ್ ಆಗಿದ್ದರೆ ಈ ಕೆಲಸಕ್ಕೆ ಅದು ಬೇಡ, ಬೇರೆ ಹೆಲ್ಮೆಟ್ ನೋಡಿ.

ಸ್ಪೀಕರ್ ಎಲ್ಲಿ ಕೂರಬೇಕು ಅನ್ನುವುದರಲ್ಲಿ ಅರ್ಧ ಸೆಂಟಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ನಾನು ಮೊದಲ ಸಲ ಬಹಳ ಜಾಣತನ ಮಾಡಿ ಕಿವಿಗೆ ಕುಂಕುಮ ಹಚ್ಚಿಕೊಂಡು ಹೆಲ್ಮೆಟ್ ಹಾಕಿದೆ, ಒಳಗೆ ಗುರುತು ಬೀಳಲಿ ಅಂತ. ಹಾಕುವಾಗಲೇ ಎಳೆದು ಕೆನ್ನೆಗೆಲ್ಲಾ ಬಳಿದುಕೊಂಡಿತು, ಅಮ್ಮ ನೋಡಿ ಗಾಬರಿಯಾದರು. ಸರಿಯಾದ ಉಪಾಯ ಇದು: ಹೆಲ್ಮೆಟ್ ಹಾಕಿಕೊಂಡು, ಕೆಳಗಿನಿಂದ ಬೆರಳು ತೂರಿಸಿ ಕಿವಿಯ ತೂತಿನ ಮೇಲಿಡಿ. ಬೆರಳನ್ನು ಅಲ್ಲೇ ಹೆಲ್ಮೆಟ್‌ನ ಒಳಮೈಗೆ ಒತ್ತಿ ಹಿಡಿದು ಇನ್ನೊಬ್ಬರ ಕೈಲಿ ಹೆಲ್ಮೆಟ್ ಮೆಲ್ಲಗೆ ಮೇಲಕ್ಕೆ ಎತ್ತಿಸಿ, ಬೆರಳು ಇದ್ದ ಜಾಗಕ್ಕೆ ಪೆನ್ನಿನ ಗುರುತು ಹಾಕಿ. ಎಲ್ಲರೂ ಅಂದುಕೊಳ್ಳುವುದಕ್ಕಿಂತ ಆ ಜಾಗ ಸ್ವಲ್ಪ ಮೇಲೆ, ಸ್ವಲ್ಪ ಮುಂದೆ ಇರುತ್ತದೆ. ಒಂದು ವಾರ ತಾತ್ಕಾಲಿಕವಾಗಿ ಅಂಟಿಸಿ ಓಡಾಡಿ, ಆಮೇಲೆ ಗಟ್ಟಿ ಮಾಡಿ.

ಇದಕ್ಕೆ ಇಷ್ಟು ಹೊತ್ತು ಯಾಕೆ ಅಂದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 95ರಿಂದ 100 ಡೆಸಿಬೆಲ್ ಹತ್ತಿರ ಇರುತ್ತದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ, ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೂ ಹೊತ್ತು ಅರ್ಧಕ್ಕರ್ಧ ಕಡಿಮೆ ಮಾಡಿ ಅನ್ನುವುದು ಕಿವಿಯ ಸುರಕ್ಷತೆಗೆ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹೇಳುವ ಲೆಕ್ಕ. ಹಾಗೆ ಹೋದರೆ 100ಕ್ಕೆ ಕಾಲು ಗಂಟೆ ಮಾತ್ರ. ಸ್ಪೀಕರ್ ಪಕ್ಕಕ್ಕೆ ಸರಿದಿದ್ದರೆ ನೀವು ಮಾಡುವುದು ಒಂದೇ, ವಾಲ್ಯೂಮ್ ಪೂರ್ತಿ ಏರಿಸುವುದು. ಗಾಳಿಯ ಮೇಲೆ ಅದೂ ಸೇರುತ್ತದೆ. ಸರಿಯಾದ ಜಾಗದಲ್ಲಿದ್ದರೆ ಮುಕ್ಕಾಲು ವಾಲ್ಯೂಮ್ ಕೂಡ ಬೇಡ.

ಇನ್ನು ಬೆಸುಗೆ. ಹೆಡ್‌ಫೋನಿನ ಸಣ್ಣ ವೈರ್ ಬಿಚ್ಚಿದರೆ ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಕೂದಲಿನಂಥ ಎಳೆಗಳು. ಆ ಬಣ್ಣ ಎಳೆಗೆ ಬಳಿದ ವಾರ್ನಿಶ್, ಅದರ ಮೇಲೆ ಸೋಲ್ಡರ್ ಹಿಡಿಯುವುದೇ ಇಲ್ಲ. ಕಡ್ಡಿಯ ತುದಿಯಲ್ಲಿ ದೊಡ್ಡ ಹನಿ ಸೋಲ್ಡರ್ ಇಟ್ಟುಕೊಂಡು, ಎಳೆಯ ತುದಿಯನ್ನು ಅದರಲ್ಲಿ ಮೂರು ನಾಲ್ಕು ಸೆಕೆಂಡ್ ಮುಳುಗಿಸಿ. ಹೊಗೆ ಬಂದು ವಾರ್ನಿಶ್ ಸುಟ್ಟು ಎಳೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕಿಟಕಿ ತೆಗೆದಿಡಿ, ಆ ಹೊಗೆ ಒಳ್ಳೆಯದಲ್ಲ. ಸಾಮಾನ್ಯವಾಗಿ ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರ ಗ್ರೌಂಡ್. ಆದರೆ ಅಗ್ಗದ ಮಾಲಿನಲ್ಲಿ ಬಣ್ಣ ನಂಬುವ ಹಾಗಿಲ್ಲ, ಪಿನ್ನಿಗೂ ಎಳೆಗೂ ಮಲ್ಟಿಮೀಟರ್‌ನ ‘ಬೀಪ್’ ಕೇಳಿಯೇ ಮುಂದೆ ಹೋಗಿ. ಹೀಟ್ ಶ್ರಿಂಕ್ ಸ್ಲೀವ್ ಅನ್ನು ಬೆಸೆಯುವ ಮೊದಲೇ ವೈರ್‌ಗೆ ಪೋಣಿಸಿಡಿ. ಇದನ್ನು ಬರೆಯುತ್ತಿರುವ ನಾನೇ ಮೂರನೆಯ ಸಲವೂ ಮರೆತೆ.

ಎರಡು ಸ್ಪೀಕರ್‌ನ ಪ್ಲಸ್ ಮೈನಸ್ ಒಂದೇ ಕ್ರಮದಲ್ಲಿ ಇರಬೇಕು. ಗುರುತು ಇಲ್ಲದಿದ್ದರೆ ಒಂದೂವರೆ ವೋಲ್ಟ್ ಸೆಲ್ ಅನ್ನು ಒಂದು ಕ್ಷಣ ಮುಟ್ಟಿಸಿ, ಬಿಲ್ಲೆಯ ಹಾಳೆ ಮುಂದೆ ಬರುತ್ತದೋ ಹಿಂದೆ ಹೋಗುತ್ತದೋ ನೋಡಿ. ಎರಡರಲ್ಲೂ ಹಾಳೆ ಒಂದೇ ಕಡೆ ಹೋಗುವ ಹಾಗೆ ಗುರುತು ಮಾಡಿಕೊಳ್ಳಿ. ಮುಟ್ಟಿಸಿ ಬಿಡಿ, ಹಿಡಿದುಕೊಂಡು ಕೂರಬೇಡಿ.

ಡಿವೈಸ್‌ನಿಂದ ಸ್ಟೀರಿಯೋ ಬರುತ್ತಿದ್ದು ನಿಮಗೆ ಒಂದೇ ಸ್ಪೀಕರ್ ಬೇಕಿದ್ದರೆ, ಎಡ ಬಲ ಎರಡನ್ನೂ ಒಟ್ಟಿಗೆ ಹೊಸೆದು ಬೆಸೆಯಬೇಡಿ, ಒಳಗಿನ ಎರಡು ಆಂಪ್ಲಿಫೈಯರ್ ಒಂದಕ್ಕೊಂದು ಗುದ್ದಾಡುತ್ತವೆ. ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಅಂತ ಇರುತ್ತದೆ, ಅದನ್ನು ಆನ್ ಮಾಡಿ ಎಡ ಸ್ಪೀಕರ್ ಮಾತ್ರ ಜೋಡಿಸಿ. ನಾನಂತೂ ಊರೊಳಗೆ ಎಡ ಕಿವಿಯದ್ದು ಮಾತ್ರ ಇಟ್ಟುಕೊಳ್ಳುತ್ತೇನೆ. ನಾವು ಎಡಗಡೆ ಓಡಿಸುವವರು, ಓವರ್‌ಟೇಕ್ ಮಾಡುವ ಬಸ್ಸಿನ ಹಾರ್ನ್ ಬಲಗಡೆಯಿಂದ ಬರುತ್ತದೆ, ಆ ಕಿವಿ ಖಾಲಿ ಇರಲಿ.

ಮೈಕ್‌ನದೇ ಬೇರೆ ಕತೆ

ಎಲೆಕ್ಟ್ರೆಟ್ ಮೈಕ್‌ನ ಹಿಂಭಾಗದಲ್ಲಿ ಎರಡು ಬೆಸುಗೆ ಚುಕ್ಕೆ. ಯಾವುದು ಅದರ ಲೋಹದ ಮೈಗೆ ಸಣ್ಣ ಗೆರೆಯಿಂದ ಸೇರಿದೆಯೋ ಅದು ಗ್ರೌಂಡ್. ತಿರುಗಿಸಿ ಬೆಸೆದರೆ ಸದ್ದೇ ಬರುವುದಿಲ್ಲ ಅಥವಾ ಪಿಸುಮಾತು ಬರುತ್ತದೆ. ಬೆಸುಗೆ ಎರಡೇ ಸೆಕೆಂಡ್‌ನಲ್ಲಿ ಮುಗಿಸಿ, ಬಿಸಿ ಜಾಸ್ತಿ ಆದರೆ ಒಳಗಿನ ಪದರ ಸತ್ತುಹೋಗುತ್ತದೆ. ಹತ್ತಿಪ್ಪತ್ತು ರೂಪಾಯಿಯದ್ದು, ಒಟ್ಟಿಗೆ ಮೂರು ತಂದುಬಿಡಿ.

ವೈರ್ ಸಾದಾ ಜೋಡಿ ವೈರ್ ಬೇಡ. ನಡುವೆ ಒಂದು ಎಳೆ, ಸುತ್ತ ತಾಮ್ರದ ಜಾಲರಿ ಇರುವ ಶೀಲ್ಡ್ ವೈರ್ ತೆಗೆದುಕೊಳ್ಳಿ. ಜಾಲರಿ ಗ್ರೌಂಡ್‌ಗೆ. ಈ ಮೈಕ್ ಗ್ರೌಂಡನ್ನು ಸ್ಪೀಕರ್ ಗ್ರೌಂಡಿನ ಜೊತೆ ಹೆಲ್ಮೆಟ್ ಒಳಗೇ ಸೇರಿಸಿ ಒಂದೇ ಎಳೆಯಲ್ಲಿ ತರುವ ಆಸೆ ಬರುತ್ತದೆ, ಒಂದು ವೈರ್ ಉಳಿಯುತ್ತಲ್ಲಾ ಅಂತ. ಹಾಗೆ ಮಾಡಿದರೆ ಆ ಕಡೆಯವರಿಗೆ ಅವರ ದನಿಯೇ ಅವರಿಗೆ ವಾಪಸ್ ಕೇಳುತ್ತದೆ. ಸ್ಪೀಕರ್‌ನ ಕರೆಂಟ್ ಆ ಸಣ್ಣ ಎಳೆಯಲ್ಲಿ ಹರಿಯುವಾಗ ಮೈಕ್‌ನ ಗ್ರೌಂಡನ್ನೂ ಕುಣಿಸುತ್ತದೆ. ಎರಡು ಗ್ರೌಂಡ್ ಬೇರೆ ಬೇರೆಯಾಗಿ ಬಂದು ಪಿನ್ನಿನ ಗ್ರೌಂಡ್ ತುಂಡಿನಲ್ಲಿ ಮಾತ್ರ ಸೇರಲಿ.

ಕೂರಿಸುವ ಜಾಗ: ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್‌ನಲ್ಲಿ ಗದ್ದದ ಪಟ್ಟಿಯ ಒಳಗೆ, ತುಟಿಯ ಮೂಲೆಗೆ ಆದಷ್ಟು ಹತ್ತಿರ, ಆದರೆ ಗಾಳಿ ಕಿಂಡಿಯ ನೇರಕ್ಕೆ ಅಲ್ಲ. ಸರಿಯಾಗಿ ಬಾಯಿಯ ಎದುರಿಗೆ ಇಟ್ಟರೆ ಉಸಿರು ಬುಸುಬುಸು ಅಂತ ಕೇಳಿಸಿ, ಆ ಕಡೆಯವರು ‘ಏನ್ರೀ, ಹುಷಾರಿಲ್ವಾ’ ಅಂತ ಕೇಳುತ್ತಾರೆ. ಮೇಲೆ ಸ್ಪಂಜಿನ ಟೋಪಿ ಇರಲೇಬೇಕು, ಕಾಲರ್ ಮೈಕ್‌ನದು ಆಗುತ್ತದೆ. ಗಾಳಿಯ ಸದ್ದು ತಡೆಯುವ ‘ನಾಯ್ಸ್ ಕ್ಯಾನ್ಸಲಿಂಗ್’ ಮೈಕ್ ತಂದಿದ್ದರೆ ಅದರ ಹಿಂದೆಯೂ ತೂತು ಇರುತ್ತದೆ. ದೂರದ ಸದ್ದು ಎರಡೂ ಕಡೆಯಿಂದ ಒಳಗೆ ಹೋಗಿ ಅಳಿಸಿಹೋಗಲಿ ಅಂತಲೇ ಆ ತೂತು. ಅದನ್ನು ಟೇಪ್ ಹಾಕಿ ಮುಚ್ಚಿದರೆ ದುಡ್ಡು ದಂಡ. ಎದುರು ತೆರೆದ ಹೆಲ್ಮೆಟ್ ಇರುವವರಿಗೆ ಮೈಕ್ ವಿಷಯದಲ್ಲಿ ನಾನು ಹೇಳುವುದು ಒಂದೇ: ನಿಂತು ಮಾತಾಡಿ.

ಬಿಟ್ಟುಕೊಳ್ಳಬೇಕಾದ ಜಾಗ

ನನ್ನ ಮೊದಲ ವೈರಿಂಗ್ ಸತ್ತಿದ್ದು ಕೊಟ್ಟಿಗೆಹಾರದಲ್ಲಿ. ಚಳಿ, ಮಳೆ, ಎದುರಿಗೆ ನೀರು ದೋಸೆ. ಬೈಕ್ ಇಳಿದು ಹೊರಟೇಬಿಟ್ಟೆ, ಹೆಲ್ಮೆಟ್ ತಲೆಯಲ್ಲೇ ಇತ್ತು. ಮೂರನೇ ಹೆಜ್ಜೆಗೆ ತಲೆ ಹಿಂದಕ್ಕೆ ಎಳೆದ ಹಾಗಾಯಿತು, ತಿರುಗಿ ನೋಡಿದರೆ ಡಿವೈಸ್ ಕೆಸರಿನಲ್ಲಿ. ತಪ್ಪು ನಂದೇ. ಕೇಬಲ್ ಗಟ್ಟಿ ಇರಲಿ ಅಂತ ನಾನು ತಿರುಪು ಹಾಕಿ ಬಿಗಿಯುವ ಗುಂಡು ಕನೆಕ್ಟರ್ ಹಾಕಿದ್ದೆ, ಏವಿಯೇಷನ್ ಕನೆಕ್ಟರ್ ಅಂತ ಮಾರುತ್ತಾರಲ್ಲ, ಅದು. ನೋಡುವುದಕ್ಕೆ ಚೆಂದ, ನೀರೂ ಅಷ್ಟಾಗಿ ಹೋಗುವುದಿಲ್ಲ, ಆದರೆ ಬಿಡುವುದೇ ಇಲ್ಲ. ಅವತ್ತು ಡಿವೈಸ್ ಬಿತ್ತು, ಸರಿ. ಓಡುವಾಗ ಬಿದ್ದಿದ್ದರೆ ಬೈಕ್ ಒಂದು ಕಡೆ, ನಾನು ಇನ್ನೊಂದು ಕಡೆ, ನಡುವೆ ಕುತ್ತಿಗೆಗೆ ಕಟ್ಟಿದ ಹಗ್ಗ.

ಆದ್ದರಿಂದ ಹೆಲ್ಮೆಟ್‌ಗೂ ಬೈಕಿಗೂ ನಡುವೆ ಸಾದಾ 3.5 ಎಂಎಂ ಪಿನ್ ಮತ್ತು ಸಾಕೆಟ್ ಸಾಕು. ಎಳೆದರೆ ಕಳಚಿಕೊಳ್ಳುವ ಗುಣವೇ ಅದರ ದೊಡ್ಡ ಉಪಕಾರ. ಹೆಲ್ಮೆಟ್‌ನಿಂದ ಎಡಗಡೆ ಒಂದು ಗೇಣು ಬಾಲ ಮಾತ್ರ ಹೊರಗೆ ಬರಲಿ, ಅದರ ತುದಿಯಲ್ಲಿ ಪಿನ್. ಬೈಕ್ ಕಡೆಯಿಂದ ಬರುವ ಕೇಬಲ್ ಎದೆಯ ಹತ್ತಿರ ಜಾಕೆಟ್‌ಗೆ ಒಂದು ಸಣ್ಣ ಕ್ಲಿಪ್‌ನಲ್ಲಿ ನಿಂತು ಆಮೇಲೆ ಬಾಲಕ್ಕೆ ಸೇರಲಿ. ಎಳೆತ ಪಿನ್ನಿಗೆ ನೇರವಾಗಿ ಬರಬೇಕು, ಅಡ್ಡಡ್ಡ ಎಳೆದರೆ ಪಿನ್ ಕಳಚುವ ಬದಲು ಮುರಿಯುತ್ತದೆ. ಹಳೆ ಲ್ಯಾಂಡ್‌ಲೈನ್ ಫೋನಿನ ರಿಸೀವರ್‌ಗೆ ಇರುತ್ತಿದ್ದ ಸುರುಳಿ ವೈರ್ ಸಿಕ್ಕರೆ ಬಿಡಬೇಡಿ, ಅದರಲ್ಲಿ ಬಹಳಷ್ಟು ನಾಲ್ಕು ಎಳೆಯವು. ಒಂದೇ ತೊಂದರೆ, ಒಳಗಿರುವುದು ದಾರಕ್ಕೆ ಸುತ್ತಿದ ತಗಡಿನ ಎಳೆ, ಬೆಸೆಯುವಾಗ ತಾಳ್ಮೆ ಬೇಕು, ಶೀಲ್ಡ್ ಕೂಡ ಇರುವುದಿಲ್ಲ. ಸದ್ದು ಬಂದರೆ ಬಿಟ್ಟುಬಿಡಿ.

ಎರಡನೆಯ ವೈರಿಂಗ್ ಸತ್ತಿದ್ದು ಬಾಲ ಹೆಲ್ಮೆಟ್‌ನಿಂದ ಹೊರಬರುವ ಅಂಚಿನಲ್ಲಿ. ದಿನಾ ಹಾಕಿ ತೆಗೆದು, ಅದೇ ಜಾಗದಲ್ಲಿ ಬಾಗಿ ಬಾಗಿ, ನಾಲ್ಕು ತಿಂಗಳಿಗೆ ಒಳಗಿನ ಎಳೆ ತುಂಡಾಯಿತು, ಹೊರಗಿನ ರಬ್ಬರ್ ಮಾತ್ರ ಸಾಬೂತು. ಕತ್ತು ಎಡಕ್ಕೆ ತಿರುಗಿಸಿದರೆ ಕೇಳುತ್ತದೆ, ಬಲಕ್ಕೆ ತಿರುಗಿಸಿದರೆ ಇಲ್ಲ. ಈಗ ನಾನು ಮಾಡುವುದು ಹೀಗೆ: ವೈರ್ ಹೊರಬರುವ ಮುಂಚೆ ಪ್ಯಾಡ್ ಒಳಗೆ ಒಂದು ಸಡಿಲ ಸುತ್ತು, ಆ ಸುತ್ತಿಗೆ ಕೇಬಲ್ ಟೈ, ಅಂಚಿನಲ್ಲಿ ಎರಡು ಅಳತೆಯ ಸ್ಲೀವ್ ಒಂದರ ಮೇಲೊಂದು, ಒಳಗಿನದು ಉದ್ದ, ಹೊರಗಿನದು ಗಿಡ್ಡ. ಇದರಿಂದ ವೈರ್ ಒಂದೇ ಕಡೆ ಮುರಿದ ಹಾಗೆ ಮಡಚುವ ಬದಲು ಉದ್ದಕ್ಕೂ ಮೆಲ್ಲಗೆ ಬಾಗುತ್ತದೆ. ಪಿನ್ನಿನ ಬುಡದಲ್ಲೂ ಇದನ್ನೇ ಮಾಡಿ. ಬೆಸುಗೆ ಹಾಕಿದ ಜಾಗ ಯಾವತ್ತೂ ಬಾಗುವ ಜಾಗ ಆಗಬಾರದು, ಸೋಲ್ಡರ್ ಹೀರಿದ ಎಳೆ ಕಡ್ಡಿಯ ಹಾಗೆ ಗಡುಸಾಗಿ ಅದರ ಅಂಚಿನಲ್ಲೇ ಕಡಿದುಹೋಗುತ್ತದೆ.

ಬೈಕ್ ಕಡೆ

ಕರೆಂಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 12 ವೋಲ್ಟ್ ಅಂತ ಕರೆದರೂ ಎಂಜಿನ್ ಓಡುವಾಗ ಬೈಕಿನಲ್ಲಿ 14ರ ಆಸುಪಾಸು ಇರುತ್ತದೆ. ಫೋನ್ ಆದರೆ 5 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಬೇಕು. 5 ವೋಲ್ಟ್ 2 ಆಂಪ್ ಅಂದರೆ 10 ವ್ಯಾಟ್, ಬ್ಯಾಟರಿ ಕಡೆಯಿಂದ ಹೋಗುವುದು ಸುಮಾರು ಒಂದು ಆಂಪ್. ಹಾಗಾಗಿ 2 ಆಂಪ್ ಫ್ಯೂಸ್ ಸಾಕು, ಅದು ಬ್ಯಾಟರಿಗೆ ಹತ್ತಿರದಲ್ಲೇ ಇರಲಿ. ಪ್ಲಸ್ ಅನ್ನು ಕೀ ಹಾಕಿದಾಗ ಮಾತ್ರ ಬರುವ ಲೈನಿನಿಂದ ತೆಗೆಯಿರಿ, ಇಲ್ಲದಿದ್ದರೆ ಎರಡು ದಿನ ನಿಲ್ಲಿಸಿದಾಗ ಬ್ಯಾಟರಿ ಇಳಿಯುತ್ತದೆ. ವೈರ್ ಬಣ್ಣ ಬೈಕಿಂದ ಬೈಕಿಗೆ ಬೇರೆ, ಮಲ್ಟಿಮೀಟರ್ ಹಿಡಿದೇ ಹುಡುಕಿ. ಮೈನಸ್ ಅನ್ನು ಫ್ರೇಮಿನ ಯಾವುದೋ ಬೋಲ್ಟಿಗೆ ಕಟ್ಟದೆ ಬ್ಯಾಟರಿಯ ಮೈನಸ್‌ವರೆಗೂ ಎಳೆಯಿರಿ. ಹ್ಯಾಂಡಲ್ ಹತ್ತಿರ ವೈರ್ ಹಾಯಿಸಿದ ಮೇಲೆ ಎರಡೂ ಕಡೆ ಲಾಕ್ ಆಗುವವರೆಗೆ ಹ್ಯಾಂಡಲ್ ತಿರುಗಿಸಿ, ಎಲ್ಲೂ ಬಿಗಿಯಬಾರದು, ಎಲ್ಲೂ ಸಿಕ್ಕಬಾರದು.

ಸ್ಪೀಕರ್ ಮತ್ತು ಮೈಕ್‌ನ ಕೇಬಲ್ ಸ್ಪಾರ್ಕ್ ಪ್ಲಗ್ ವೈರ್‌ನಿಂದ, ಇಗ್ನಿಷನ್ ಕಾಯಿಲ್‌ನಿಂದ ದೂರ ಇರಲಿ. ಟ್ಯಾಂಕಿನ ಒಂದು ಪಕ್ಕದಲ್ಲಿ ಅದು ಹೋದರೆ ಇನ್ನೊಂದು ಪಕ್ಕದಲ್ಲಿ ಇದು. ಮಲೆನಾಡಿನ ಮಳೆಗೆ ಸಾಕೆಟ್‌ಗಳ ಬಾಯಿ ಯಾವಾಗಲೂ ಕೆಳಮುಖ ಇರಲಿ, ಸಾಕೆಟ್‌ಗೆ ಬರುವ ಮೊದಲು ಕೇಬಲ್ ಒಂದು ಸಲ ಕೆಳಗೆ ಜೋತು ಮೇಲೆ ಬರಲಿ. ನೀರು ಆ ಜೋತ ಜಾಗದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪಿನ್ನಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ.

ಸದ್ದು ಬಂದರೆ ಎಲ್ಲಿ ಹುಡುಕುವುದು

ಎಂಜಿನ್ ಆಫ್ ಇದ್ದಾಗ ಎಲ್ಲಾ ಸರಿ, ಸ್ಟಾರ್ಟ್ ಮಾಡಿದ ಕೂಡಲೇ ಸೊಳ್ಳೆಯ ಹಾಗೆ ಕೊಯ್ಯ್ ಅನ್ನುತ್ತದೆ, ಆಕ್ಸಿಲರೇಟರ್ ತಿರುವಿದರೆ ಸೊಳ್ಳೆಯ ರಾಗವೂ ಏರುತ್ತದೆ. ಆಗ ಡಿವೈಸ್‌ಗೆ ಬರುವ ಕರೆಂಟ್ ಕಿತ್ತು ಅದರ ಸ್ವಂತ ಬ್ಯಾಟರಿಯಲ್ಲಿ ನೋಡಿ. ಸದ್ದು ಹೋಯಿತಾ? ಹಾಗಾದರೆ ಅದು ಕರೆಂಟ್ ವೈರ್‌ನಿಂದಲೇ ಬರುತ್ತಿದೆ: ಕನ್ವರ್ಟರ್ ಬದಲಿಸಿ, ಮೈನಸ್ ಸರಿಯಾಗಿ ಬ್ಯಾಟರಿಗೆ ಹೋಗಿದೆಯಾ ನೋಡಿ. ಕರೆಂಟ್ ಕಿತ್ತರೂ ಟಿಕ್ ಟಿಕ್ ಅನ್ನುತ್ತಿದ್ದರೆ ಸ್ಪಾರ್ಕ್ ಪ್ಲಗ್‌ನ ಕೆಲಸ. ಮೈಕ್ ವೈರ್‌ನ ಜಾಲರಿ ಎಲ್ಲಾದರೂ ಬಿಟ್ಟಿರಬಹುದು, ಅಥವಾ ಪ್ಲಗ್ ಈ ಸದ್ದು ತಗ್ಗಿಸುವ ರೆಸಿಸ್ಟರ್ ಒಳಗೆ ಇಲ್ಲದ್ದಾಗಿರಬಹುದು. ಎನ್‌ಜಿಕೆ ಪ್ಲಗ್‌ಗಳಲ್ಲಿ ನಂಬರಿನ ನಡುವೆ ಆರ್ ಅಕ್ಷರ ಇದ್ದರೆ ರೆಸಿಸ್ಟರ್ ಇರುವುದು. ಕಂಪನಿ ಹೇಳಿದ ನಂಬರ್ ಬಿಟ್ಟು ಬೇರೆ ಹಾಕಬೇಡಿ, ಯಾರೋ ಮೆಕ್ಯಾನಿಕ್ ತಪ್ಪಾಗಿ ಹಾಕಿದ್ದರೆ ಮಾತ್ರ ಸರಿಮಾಡಿ.

ಜೂಮೋ ತರದ ಡಿವೈಸ್ ಜೊತೆ, ಬೈಕಿನ ಕರೆಂಟಿನಲ್ಲೇ ನಡೆಯುವ ಇಂಟರ್‌ಕಾಮ್ ಆಂಪ್ಲಿಫೈಯರ್ ಕೂಡ ಜೋಡಿಸಿದವರಿಗೆ ಸೊಳ್ಳೆ ಸುಲಭಕ್ಕೆ ಹೋಗುವುದಿಲ್ಲ. ಎರಡು ಯಂತ್ರದ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಒಂದು ಸುತ್ತು ಆಗಿರುತ್ತದೆ. ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಶಬ್ದ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅದನ್ನು ಸ್ಪೀಕರ್ ಲೈನಿಗೆ ಹಾಕಿ. ಮೈಕ್ ಲೈನಿಗೆ ಹಾಕಿದರೆ ಮೈಕ್‌ಗೆ ಬೇಕಾದ ಆ ಒಂದೆರಡು ವೋಲ್ಟ್ ಕೂಡ ನಿಂತುಹೋಗುತ್ತದೆ, ಎಚ್ಚರ.

ಇನ್ನೊಂದು ಸದ್ದು ಎಲ್ಲರಿಗೂ ಗೊತ್ತು, ಫೋನ್ ಬರುವ ಮುಂಚೆ ರೇಡಿಯೋದಲ್ಲಿ ಕೇಳುತ್ತಿದ್ದ ‘ಟಿಡಿ ಟಿಡಿ ಟಿರ್ರ್’. ಘಾಟಿಯಲ್ಲಿ ಸಿಗ್ನಲ್ ಇಳಿದು ಫೋನ್ 2ಜಿಗೆ ಬಂದಾಗ ಇದು ಶುರುವಾಗುತ್ತದೆ. ಫೋನನ್ನು ಕೇಬಲ್ ಹಾಯುವ ಜೇಬಿನಿಂದ ಬೇರೆ ಜೇಬಿಗೆ ಹಾಕಿದರೆ ಬಹಳ ಮಟ್ಟಿಗೆ ಕಡಿಮೆ. ಪೂರ್ತಿ ಹೋಗಬೇಕೆಂದರೆ ಮೈಕ್‌ನ ಎರಡು ಚುಕ್ಕೆಗಳ ನಡುವೆ, ಬುಡದಲ್ಲೇ, 33 ಪಿಕೋಫ್ಯಾರಡ್‌ನ ಸಣ್ಣ ಸೆರಾಮಿಕ್ ಕೆಪ್ಯಾಸಿಟರ್ ಬೆಸೆಯಿರಿ. ಮಾತಿಗೆ ಅದರಿಂದ ಏನೂ ಆಗುವುದಿಲ್ಲ, ಫೋನಿನ ರೇಡಿಯೋ ಅಲೆ ಮಾತ್ರ ಅಲ್ಲೇ ಗ್ರೌಂಡ್ ಆಗಿಬಿಡುತ್ತದೆ.

ಎಲ್ಲಾ ಕೂಡಿಸಿದ ಮೇಲೆ ಪ್ಯಾಡ್‌ಗಳನ್ನು ಕೂಡಲೇ ಒತ್ತಿ ಮುಚ್ಚಬೇಡಿ. ಗೂಗಲ್ ಮ್ಯಾಪ್ಸ್ ದನಿಯನ್ನು ಕನ್ನಡಕ್ಕೆ ಹಾಕಿಕೊಂಡು ಮನೆಯ ಸುತ್ತ ನಾಲ್ಕು ತಿರುವು ಓಡಿಸಿ, ಕತ್ತು ಎರಡೂ ಕಡೆ ತಿರುಗಿಸಿ, ಹಂಪ್ ಮೇಲೆ ಹಾರಿಸಿ. ಆಮೇಲೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಮನೆಗೆ ಒಂದು ಫೋನ್ ಮಾಡಿ ಎರಡು ನಿಮಿಷ ಮಾತಾಡಿ. ಕೊನೆಗೆ ಬೈಕ್ ಸ್ಟ್ಯಾಂಡ್ ಹಾಕಿ, ಕೇಬಲ್ ಕಳಚದೆ, ಬೇಕಂತಲೇ ಹೆಲ್ಮೆಟ್ ಹಾಕಿಕೊಂಡು ದೂರ ನಡೆದು ಹೋಗಿ. ಪಿನ್ ಟಕ್ ಅಂತ ಬಿಟ್ಟುಕೊಂಡು, ಹ್ಯಾಂಡಲ್ ಮೇಲಿನ ಡಿವೈಸ್ ಅಲ್ಲಾಡದಿದ್ದರೆ ಪ್ಯಾಡ್ ಹಾಕಿಬಿಡಿ.